ಗಾಡಿ ಹೋಯಿತು, ಸಾಲ ಹೋಗಲಿಲ್ಲ



ಇವತ್ತು ಒಂದು ಮನೆಯ ಮಾತು ಹೇಳ್ತೀನಿ. ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ಮಾತು. ಹೆಸರು ಬೇಡ. ಹೇಳಿ ಅಂತ ಅವರೇ ಒಪ್ಪಿದ್ದಾರೆ.

ಅವರ ಯಜಮಾನರು ಸಾಲ ಮಾಡಿ ಆಟೋ ತಗೊಂಡರು. ಜಾಮೀನಿಗೆ ಅಕ್ಕ ಹೆಬ್ಬೆಟ್ಟು ಒತ್ತಿದರು. ಕಾಗದದಲ್ಲಿ ಏನು ಬರೆದಿತ್ತೋ ಗೊತ್ತಿಲ್ಲ. ಆಗ ಅವರಿಗೆ ಓದು ಬರ್ತಿರಲಿಲ್ಲ.

2021ರಲ್ಲಿ ಯಜಮಾನರು ಕಾಯಿಲೆ ಬಿದ್ದರು. ನಾಲ್ಕು ಕಂತು ತಪ್ಪಿತು. ಫೈನಾನ್ಸಿನವರು ಆಟೋ ಸೀಜ್ ಮಾಡಿದರು. ಅಕ್ಕ ಅತ್ತರು. ಆಮೇಲೆ, "ಹೋಗಲಿ, ಗಾಡಿ ಜೊತೆ ಸಾಲವೂ ಹೋಯಿತು" ಅಂದುಕೊಂಡರು.

ಅಲ್ಲೇ ತಪ್ಪಾಯಿತು.

ಎರಡು ವರ್ಷ ಕಳೆಯಿತು. ಹಸು ಕೊಳ್ಳಲು ಸಾಲ ಕೇಳಿದರು. "ನಿಮ್ಮ ಹೆಸರಲ್ಲಿ ಬಾಕಿ ಇದೆಯಮ್ಮ, ಕೊಡಕ್ಕಾಗಲ್ಲ" ಅಂದರು ಬ್ಯಾಂಕಿನವರು.

ಯಾಕೆ ಹೀಗಾಯಿತು? ಆಟೋ ಸಾಲದ ಬಾಕಿ 1,40,000 ರೂಪಾಯಿ ಇತ್ತು. ಆಟೋ ಮಾರಿದಾಗ ಬಂದದ್ದು 95,000. ಉಳಿದ 45,000 ಸಾಲವಾಗಿಯೇ ಉಳಿಯಿತು. ಜಾಮೀನು ನಿಂತವರೂ ಅದಕ್ಕೆ ಹೊಣೆ.

ಮಕ್ಕಳಿಗೆ ಶಾಲೆಯಲ್ಲಿ ಅಂಕಪಟ್ಟಿ ಇದೆಯಲ್ಲ? ಸಾಲಕ್ಕೂ ಹಾಗೇ ಇದೆ. ಕಟ್ಟಿದ ಕಂತು, ತಪ್ಪಿದ ಕಂತು ಎಲ್ಲ ಬರೆದಿಡುವ ನಾಲ್ಕು ಕಂಪನಿಗಳು ನಮ್ಮ ದೇಶದಲ್ಲಿವೆ. ಸಿಬಿಲ್ ಅವುಗಳಲ್ಲಿ ಒಂದು. ಅಂಕ 300ರಿಂದ 900ರವರೆಗೆ. ಅಂಕ ಕಡಿಮೆಯಾದರೆ ಸಾಲ ಸಿಗುವುದು ಕಷ್ಟ.

ಅಕ್ಕ ಏನು ಮಾಡಿದರು, ಕೇಳಿ.

ಮೊದಲು ಫೈನಾನ್ಸ್ ಕಚೇರಿಗೆ ಹೋದರು. ಗಾಡಿ ಎಷ್ಟಕ್ಕೆ ಮಾರಿದಿರಿ, ಬಾಕಿ ಎಷ್ಟು ಅಂತ ಲೆಕ್ಕ ಬರೆಸಿಕೊಂಡರು. "ಇಪ್ಪತ್ತು ಸಾವಿರ ಕಟ್ಟಿ, ಸೆಟಲ್‌ಮೆಂಟ್ ಮಾಡೋಣ" ಅಂದರು ಅಲ್ಲಿಯವರು. ಅಕ್ಕ ಯೋಚಿಸಿದರು. ಸೆಟಲ್‌ಮೆಂಟ್ ಅಂದರೆ ಪೂರ್ತಿ ಕಟ್ಟಿಲ್ಲ ಅಂತ ದಾಖಲೆಯಲ್ಲಿ ಉಳಿಯುತ್ತೆ. ಮುಂದೆ ಸಾಲ ಕೇಳುವಾಗ ಅದು ಅಡ್ಡ ಬರುತ್ತೆ. ಹಾಗಾಗಿ ತಿಂಗಳಿಗೆ 3,000ದಂತೆ 15 ತಿಂಗಳು ಕಟ್ಟಿದರು. ಪ್ರತಿ ರಸೀದಿ ಇಟ್ಟುಕೊಂಡರು. ಕೊನೆಗೆ 'ಬಾಕಿ ಇಲ್ಲ' ಎಂಬ ಪತ್ರ ಪಡೆದರು.

ಆಮೇಲೆ ದಾಖಲೆ ತೆಗೆಸಿದೆವು. ವರ್ಷಕ್ಕೊಮ್ಮೆ ಪ್ರತಿ ಕಂಪನಿಯೂ ಅದನ್ನು ಪುಕ್ಕಟೆ ಕೊಡಬೇಕು. ನೋಡಿದರೆ, ಬಾಕಿ ಹಾಗೇ ಇತ್ತು! ಅಕ್ಕ ತಮ್ಮ ಕೈಯಾರೆ ದೂರು ಬರೆದರು. ಕೆಳಗೆ ಸಹಿ ಹಾಕಿದರು. ಹೆಬ್ಬೆಟ್ಟಲ್ಲ, ಸಹಿ. ಒಂದು ತಿಂಗಳೊಳಗೆ ದಾಖಲೆ ಸರಿಯಾಯಿತು.

ಇಂಥ ದೂರನ್ನು 30 ದಿನದಲ್ಲಿ ಇತ್ಯರ್ಥ ಮಾಡಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಇದು 2024ರಿಂದ ಬಂದ ನಿಯಮ. ಸಾಲ ಕೊಟ್ಟವರು ದೂರು ಕೇಳದಿದ್ದರೆ ರಿಸರ್ವ್ ಬ್ಯಾಂಕಿನ 14448 ನಂಬರಿಗೆ ಫೋನ್ ಮಾಡಿ, ಮುಂದೇನು ಅಂತ ಕೇಳಿ.

ಇನ್ನೂ ಎರಡು ಮಾತು. "ದುಡ್ಡು ಕೊಡಿ, ಅಂಕ ಏರಿಸ್ತೀವಿ" ಅನ್ನುವವರನ್ನು ನಂಬಬೇಡಿ. ನಿಜವಾಗಿ ತಪ್ಪಿದ ಕಂತನ್ನು ಯಾರೂ ಅಳಿಸಲಾರರು. ಮೊಬೈಲಿಗೆ ಬಂದ ಒಟಿಪಿಯನ್ನು ಯಾರಿಗೂ ಹೇಳಬೇಡಿ.

ಕಂತು ಕಟ್ಟಲು ಕಷ್ಟವಾದರೆ ಬಚ್ಚಿಟ್ಟುಕೊಳ್ಳಬೇಡಿ. ಮೊದಲೇ ಹೋಗಿ ಮಾತಾಡಿ. ಗಾಡಿ ಸೀಜ್ ಆದರೂ, ಮಾರುವ ಮೊದಲು ಬಾಕಿ ಕಟ್ಟಲು ಕೊನೆಯ ಅವಕಾಶ ಕೊಡಬೇಕು. ಪತ್ರಗಳನ್ನು ನಮಗೆ ತಿಳಿಯುವ ಭಾಷೆಯಲ್ಲಿ ಕಳಿಸಬೇಕು. ಕನ್ನಡದಲ್ಲಿ ಕೊಡಿ ಅಂತ ಕೇಳಿ. ಅದು ನಮ್ಮ ಹಕ್ಕು.

ಅಕ್ಕನಿಗೆ ಹಸುವಿನ ಸಾಲ ಇನ್ನೂ ಸಿಕ್ಕಿಲ್ಲ. ಹೊಲಿಗೆ ಯಂತ್ರಕ್ಕೆ ಸಣ್ಣ ಸಾಲ ಸಿಕ್ಕಿದೆ. ಒಂದು ಕಂತೂ ತಪ್ಪಿಸಿಲ್ಲ. ಕಳೆದುಹೋದ ನಂಬಿಕೆ ಹೀಗೇ ಬರಬೇಕು, ಕಂತು ಕಂತಾಗಿ.

ಮೊನ್ನೆ ಯಾರೋ ಅವರನ್ನು ಜಾಮೀನಿಗೆ ಕರೆದರು. ಅಕ್ಕ ಏನಂದರು ಗೊತ್ತಾ?

"ಕಾಗದ ಕೊಡಿ. ಮೊದಲು ಓದ್ತೀನಿ."

ನಾವೂ ಹಾಗೇ ಅನ್ನೋಣ.