ರಣದಲ್ಲಿ ಮಡಿದವನ ಮನೆಯಾಕೆ



ಕಾಳಗದಲ್ಲಿ ಮಡಿದವನಿಗೆ ವೀರಗಲ್ಲನ್ನು ನಿಲ್ಲಿಸುವುದು ಕನ್ನಡನಾಡಿನ ಹಳೆಯ ರೂಢಿ. ಅವನ ಮನೆಯಾಕೆಯ ಗತಿಯೇನಾಯಿತೆಂದು ಆ ಕಲ್ಲು ಹೇಳುವುದಿಲ್ಲ. ಹೇಳಿದರೂ ಆಕೆ ಉರಿಯನ್ನು ಹೊಕ್ಕಿದ್ದರೆ ಮಾತ್ರ, ಮಾಸ್ತಿಗಲ್ಲಾಗಿ ಹೇಳುವುದು.

ಬದುಕಿ ಉಳಿದವಳ ಕಥೆ ಬೇರೆ. 1856ರ ಶಾಸನವು ವಿಧವೆಯ ಪುನರ್ವಿವಾಹಕ್ಕೆ ಸಮ್ಮತಿಯಿತ್ತಿತು; ಆದರೆ ಹಾಗೆ ವಿವಾಹವಾದವಳು ಮೊದಲ ಪತಿಯ ಆಸ್ತಿಯನ್ನು ಬಿಡಬೇಕಾಗಿದ್ದಿತು. 1937ರ ಶಾಸನವು ಪತಿಯ ಪಾಲನ್ನು ಜೀವಿತಾವಧಿಯ ಅನುಭೋಗಕ್ಕೆ ಮಾತ್ರ ಕೊಟ್ಟಿತು. ಅದೂ ಪ್ರಾಂತಗಳ ಕೃಷಿಭೂಮಿಗೆ ಅನ್ವಯಿಸದೆಂದು ಫೆಡರಲ್ ನ್ಯಾಯಾಲಯವು 1941ರಲ್ಲಿ ನಿರ್ಣಯಿಸಿತು. ಹಳ್ಳಿಯ ಹೆಂಗಸಿಗೆ ಹೊಲವಲ್ಲದೆ ಬೇರೆ ಆಸ್ತಿ ಯಾವುದು? ಪೂರ್ಣ ಸ್ವಾಮ್ಯವು ದೊರೆತುದು 1956ರಲ್ಲಿ.

ಇನ್ನೊಂದು ಸಂಗತಿಯು ಇದಕ್ಕಿಂತ ವಿಸ್ಮಯಕರವಾದುದು. ಶೌರ್ಯಪದಕದೊಡನೆ ಸಲ್ಲುವ ಮಾಸಾಶನವು, ವಿಧವೆಯು ಮೃತನ ಸಹೋದರನನ್ನಲ್ಲದೆ ಅನ್ಯನನ್ನು ವರಿಸಿದರೆ ನಿಂತುಹೋಗುತ್ತಿದ್ದಿತು. ಮನೆಯ ಹಣವು ಮನೆಯಲ್ಲಿಯೇ ಇರಬೇಕೆಂಬ ಹಳ್ಳಿಯ ಲೆಕ್ಕಕ್ಕೆ ಸರ್ಕಾರವೇ ಮುದ್ರೆಯೊತ್ತಿದಂತಾಯಿತಲ್ಲವೆ! ಈ ನಿರ್ಬಂಧವು ತೊಲಗಿದುದು 2017ರ ನವೆಂಬರಿನಲ್ಲಿ. 1999ರ ಕಾರ್ಗಿಲ್ ಯುದ್ಧವಾಗಿ ಆಗಲೇ 18 ವರ್ಷಗಳು ಕಳೆದಿದ್ದುವು.

ಲಿಂಗವಂತರಲ್ಲಿ ಉಡಿಕೆಯ ಪದ್ಧತಿಯು ಬಹುಕಾಲದಿಂದಲೂ ಉಂಟು. ಪತಿಯು ಲಿಂಗೈಕ್ಯನಾದರೂ ಸತಿಯ ಕೊರಳಿನ ಇಷ್ಟಲಿಂಗವು ಅಗಲತಕ್ಕುದಲ್ಲ. ಹೀಗಿದ್ದರೂ ಉಡಿಕೆಯಾದವಳನ್ನು ಮಂಗಳಕಾರ್ಯಗಳಲ್ಲಿ ಹಿಂದಕ್ಕೆ ಕೂಡಿಸುವ ಮನೆತನಗಳು ಇದ್ದುವು. ಶರಣರ ಹೆಸರಿನಲ್ಲಿ ಇದನ್ನು ಸಮರ್ಥಿಸುವುದು ಯಾರಿಂದಲೂ ಆಗದು.

ರಣದಲ್ಲಿ ಮಗನನ್ನೋ ತಮ್ಮನನ್ನೋ ಕಳೆದುಕೊಂಡ ಹಿರಿಯರು ಈ ಸಭೆಯಲ್ಲಿದ್ದು, ಆ ಹೆಣ್ಣುಮಗಳ ಬ್ಯಾಂಕಿನ ಪುಸ್ತಕವು ತಮ್ಮ ಪೆಟ್ಟಿಗೆಯಲ್ಲಿದ್ದರೆ, ಈ ಸಾಯಂಕಾಲವೇ ಅದನ್ನು ಅವಳ ಕೈಗೆ ಕೊಡತಕ್ಕದ್ದು. ಪಹಣಿಯಲ್ಲಿ ಅವಳ ಹೆಸರಿದೆಯೋ ಇಲ್ಲವೋ ನೋಡತಕ್ಕದ್ದು.