ಪ್ರಸಾದವೂ ಪ್ರಮಾಣವೂ

(ಮಹೋತ್ಸವದ ಶರಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಈ ಹೊತ್ತಿನ ವಿಷಯವು ಹಬ್ಬದ ಊಟ. ಮಠದ ಮಹೋತ್ಸವದಂತಹ ಪವಿತ್ರಸಂದರ್ಭದಲ್ಲಿ ಷಟ್‌ಸ್ಥಲಸಿದ್ಧಾಂತವನ್ನೋ ಶರಣರ ಚರಿತ್ರೆಯನ್ನೋ ಬಿಟ್ಟು, ಹೋಳಿಗೆ ಹುಗ್ಗಿಗಳ ವಿಚಾರವನ್ನೆತ್ತಿಕೊಳ್ಳುವುದು ಉಚಿತವೇ ಎಂದು ಕೆಲವರು ಶಂಕಿಸಬಹುದು. ಆದರೆ ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಆರು ಸ್ಥಲಗಳಲ್ಲಿ ಪ್ರಸಾದಿಸ್ಥಲವೂ ಒಂದು. ಆದಕಾರಣ ಉಣ್ಣುವ ವಿಚಾರವು ಈ ಧರ್ಮಕ್ಕೆ ಹೊರಗಿನದಲ್ಲ. ಕಾಯವೇ ಲಿಂಗಪೂಜೆಗೆ ಸಾಧನ. ಕಾಯವೇ ಕಾಯಕಕ್ಕೆ ಮೂಲಧನ. ಆ ಮೂಲಧನವು ಹಬ್ಬದ ಸಂಭ್ರಮದಲ್ಲಿಯೇ ಕರಗಿಹೋಗುವುದಾದರೆ ಅದನ್ನು ವಿಚಾರಿಸದೆ ಬಿಡುವುದು ಹೇಗೆ?

ಮೊದಲು ಹಬ್ಬಗಳ ಸಾಲನ್ನು ನೋಡಬೇಕು. ಶ್ರಾವಣ ಬಂದಿತೆಂದರೆ ನಾಗರಪಂಚಮಿ. ಬಡಗನಾಡಿನ ಮನೆಮನೆಯಲ್ಲಿ ಎಳ್ಳುಂಡೆ, ಶೇಂಗಾದುಂಡೆ, ಕಡಲೆಹಿಟ್ಟಿನುಂಡೆ, ತಂಬಿಟ್ಟು, ಅಳ್ಳಿಟ್ಟುಗಳು ಡಬ್ಬಿಗಳನ್ನು ತುಂಬುವುವು. ಅದರ ಬೆನ್ನಿಗೇ ಚೌತಿಯ ಕಡುಬು, ಮಹಾನವಮಿಯ ಹೋಳಿಗೆ, ಶೀಗಿಹುಣ್ಣಿಮೆಯ ಬುತ್ತಿ, ದೀಪಾವಳಿಯ ಕರಿದ ತಿಂಡಿಗಳು, ಎಳ್ಳಮಾವಾಸ್ಯೆಯ ಚರಗ, ಸಂಕ್ರಾಂತಿಯ ಮಾದಲಿ. ಶಿವರಾತ್ರಿಯ ಉಪವಾಸ ಮುಗಿದೊಡನೆ ಹೋಳಿಯ ಹೂರಣ. ಅನಂತರ ಯುಗಾದಿ, ಬಸವಜಯಂತಿ. ನಡುನಡುವೆ ಮದುವೆ, ತೊಟ್ಟಿಲು, ಮನೆತುಂಬುವಿಕೆಗಳು. ಜಾತ್ರೆಯಲ್ಲಿ ಗೋದಿಯ ಹುಗ್ಗಿ. ಹೀಗೆ ಎಣಿಸಿ ನೋಡಿದರೆ ವರುಷದಲ್ಲಿ ಹಬ್ಬವಿಲ್ಲದ ತಿಂಗಳೇ ಇಲ್ಲವೆಂದು ಹೇಳಬೇಕಾಗುವುದು.

ಈ ಹಬ್ಬಗಳು ಹಿಂದೆಯೂ ಇದ್ದುವಲ್ಲವೇ, ಹಿರಿಯರಿಗೆ ತಟ್ಟದ ದೋಷವು ಈಗಿನವರಿಗೇಕೆ ತಟ್ಟಬೇಕು ಎಂಬುದು ನ್ಯಾಯವಾದ ಪ್ರಶ್ನೆಯೇ. ಹಿಂದಿನ ಒಕ್ಕಲಿಗನು ನೇಗಿಲ ಹಿಂದೆ ದಿನವಿಡೀ ನಡೆಯುತ್ತಿದ್ದನು. ಅವನ ಮನೆಯಾಕೆಯು ನಸುಕಿನಲ್ಲೆದ್ದು ಬೀಸುತ್ತ, ಕುಟ್ಟುತ್ತ, ನೀರು ಹೊರುತ್ತ ಮೈ ಸವೆಸುತ್ತಿದ್ದಳು. ದಿನನಿತ್ಯದ ಊಟವು ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ. ಬೆಲ್ಲ ತುಪ್ಪಗಳು ಹಬ್ಬಕ್ಕಾಗಿ ಕಾದಿಟ್ಟ ವಸ್ತುಗಳು. ಬರಿದಾದ ಕಣಜಕ್ಕೆ ಹಬ್ಬವು ಒಂದು ಚೀಲ ಧಾನ್ಯವನ್ನು ಸುರಿಯುತ್ತಿತ್ತು. ಈಗಲಾದರೋ ಕಣಜವು ಮೊದಲೇ ತುಂಬಿದೆ. ಪಾಲಿಷ್ ಮಾಡಿದ ಅಕ್ಕಿ, ಎಣ್ಣೆ, ಸಕ್ಕರೆ ಹಾಕಿದ ಚಹ, ಅಂಗಡಿಯ ಕರಿದ ತಿಂಡಿ ಇವು ನಿತ್ಯದ ಆಹಾರವಾಗಿವೆ. ದುಡಿಮೆಯು ಕುರ್ಚಿಯ ಮೇಲಿನದಾಗಿದೆ. ತುಂಬಿದ ಪಾತ್ರೆಗೆ ಮತ್ತೆ ಎರೆದರೆ ಅದು ಚೆಲ್ಲಲೇಬೇಕಷ್ಟೆ. ಹಬ್ಬವು ಬದಲಾಗಲಿಲ್ಲ, ಹಬ್ಬದ ಹಿಂದಿನ ಮತ್ತು ಮುಂದಿನ ದಿನಗಳು ಬದಲಾದುವು.

ಇದರ ಫಲವು ಲೆಕ್ಕದಲ್ಲಿಯೂ ಕಾಣುತ್ತದೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ೧೫ರಿಂದ ೪೯ ವಯಸ್ಸಿನೊಳಗಿನ ಸ್ತ್ರೀಯರಲ್ಲಿ ನೂರಕ್ಕೆ ೨೪, ಪುರುಷರಲ್ಲಿ ನೂರಕ್ಕೆ ಸುಮಾರು ೨೩ ಮಂದಿ ಅತಿತೂಕದವರು. ಕರ್ನಾಟಕದಲ್ಲಿ ಈ ಪ್ರಮಾಣವು ಉಭಯರಲ್ಲಿಯೂ ನೂರಕ್ಕೆ ೩೦ನ್ನು ಮುಟ್ಟಿದೆ. ಮಧುಮೇಹ, ರಕ್ತದ ಒತ್ತಡ, ಹೃದ್ರೋಗ, ಮೊಣಕಾಲಿನ ಬೇನೆ ಇವೆಲ್ಲ ಅತಿತೂಕದ ನೆರಳಿನಲ್ಲಿ ಬರುವ ಅತಿಥಿಗಳು. ಹೊಟ್ಟೆಯ ಸುತ್ತಳತೆಯು ಪುರುಷರಲ್ಲಿ ೯೦ ಸೆಂಟಿಮೀಟರ್, ಸ್ತ್ರೀಯರಲ್ಲಿ ೮೦ ಸೆಂಟಿಮೀಟರ್ ಮೀರಿದರೆ ಎಚ್ಚರಗೊಳ್ಳಬೇಕೆಂದು ಭಾರತೀಯರ ಮಟ್ಟಿಗೆ ವೈದ್ಯರು ಗೊತ್ತುಮಾಡಿರುವರು. ಇದನ್ನಳೆಯಲು ದರ್ಜಿಯ ಟೇಪೊಂದಿದ್ದರೆ ಸಾಕು.

ಹಬ್ಬದಿಂದ ಏರುವ ತೂಕವು ನೋಡಲು ಅಲ್ಪವಾದುದು. ಅಮೆರಿಕಾ ದೇಶದಲ್ಲಿ ಕಾರ್ತಿಕಮಾಸದ ಹೊತ್ತಿಗೆ ಆರಂಭವಾಗಿ ಹೊಸವರುಷದವರೆಗೆ ನಡೆಯುವ ಹಬ್ಬಗಳ ಕಾಲದಲ್ಲಿ ೧೯೫ ಮಂದಿಯನ್ನು ತೂಗಿ ನೋಡಿದ ಸಂಶೋಧನೆಯೊಂದು ೨೦೦೦ದಲ್ಲಿ ಪ್ರಕಟವಾಯಿತು. ಅವರಲ್ಲಿ ಏರಿದ ತೂಕವು ಸರಾಸರಿ ಅರ್ಧ ಕಿಲೋಗ್ರಾಮಿಗಿಂತಲೂ ಕಡಮೆ, ೩೭೦ ಗ್ರಾಮಿನಷ್ಟು ಮಾತ್ರ. ಆದರೆ ಹಬ್ಬವು ಕಳೆದ ಮೇಲೆ ಆ ತೂಕವು ಇಳಿಯಲಿಲ್ಲವೆಂಬುದೇ ಗಮನಿಸತಕ್ಕ ಸಂಗತಿ. ವರುಷಕ್ಕೆ ಅಷ್ಟಷ್ಟೇ ಕೂಡುತ್ತ ಹೋದರೆ ಮೂವತ್ತರಲ್ಲಿ ಹಗುರವಾಗಿದ್ದ ಮೈ ಐವತ್ತರ ಹೊತ್ತಿಗೆ ಹೊರೆಯಾಗುವುದರಲ್ಲಿ ಆಶ್ಚರ್ಯವೇನು? ಸಾಲದ ಬಡ್ಡಿಯಂತೆ ಅದು ಸದ್ದಿಲ್ಲದೆ ಬೆಳೆಯುವುದು.

ಈ ಜ್ಞಾನವು ಹೊಸದೆಂದು ಭಾವಿಸಬೇಕಾದುದಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅಷ್ಟೌನಿಂದಿತೀಯವೆಂಬ ಅಧ್ಯಾಯವೇ ಉಂಟು. ಅಲ್ಲಿ ಅತಿಸ್ಥೂಲನನ್ನೂ ಅತಿಕೃಶನನ್ನೂ ವಿಸ್ತರಿಸಿ ಹೇಳಿದೆ. ಗುರುವೂ ಮಧುರವೂ ಸ್ನಿಗ್ಧವೂ ಆದ ಆಹಾರದ ಅತಿಸೇವನೆ, ವ್ಯಾಯಾಮವಿಲ್ಲದಿರುವಿಕೆ, ಹಗಲುನಿದ್ರೆ ಇವು ಸ್ಥೌಲ್ಯಕ್ಕೆ ಕಾರಣಗಳೆಂದು ಆಚಾರ್ಯನು ಎಣಿಸಿರುವನು. ಹಬ್ಬದ ಮಧ್ಯಾಹ್ನದ ವರ್ಣನೆಯೇ ಇದಲ್ಲವೇ! ಅದೇ ಗ್ರಂಥದ ವಿಮಾನಸ್ಥಾನದಲ್ಲಿ ಹೊಟ್ಟೆಯನ್ನು ಮೂರು ಪಾಲು ಮಾಡಿ, ಒಂದನ್ನು ಗಟ್ಟಿಯಾದ ಆಹಾರಕ್ಕೂ, ಒಂದನ್ನು ದ್ರವಕ್ಕೂ, ಉಳಿದುದನ್ನು ವಾತ ಪಿತ್ತ ಕಫಗಳ ಸಂಚಾರಕ್ಕೂ ಬಿಡಬೇಕೆಂದು ವಿಧಿಸಿದೆ. ಎದ್ದು ನಿಲ್ಲಲಾರದಷ್ಟು ಉಣ್ಣುವುದು ತೃಪ್ತಿಯ ಲಕ್ಷಣವೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಇಷ್ಟಾದರೂ ಸದ್ಭಕ್ತರ ಮನಸ್ಸಿನಲ್ಲಿ ನಿಜವಾದ ತೊಡಕೊಂದು ಉಳಿಯುತ್ತದೆ. ಲಿಂಗಕ್ಕೆ ಅರ್ಪಿತವಾದ ಪದಾರ್ಥವು ಪ್ರಸಾದವಾಯಿತು. ಪ್ರಸಾದವನ್ನು ಬೇಡವೆನ್ನಲಾಗದು, ಎಡೆಯಲ್ಲಿ ಬಿಡಲಾಗದು. ಉಂಡ ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುವ ನಿಷ್ಠೆ ಅನೇಕ ಮನೆತನಗಳಲ್ಲಿ ಇಂದಿಗೂ ಇದೆ. ಹೀಗಿರುವಾಗ ಬಡಿಸಿದುದನ್ನೆಲ್ಲ ಉಣ್ಣದೆ ಗತಿಯೇನು? ದೇಹದ ಹಿತಕ್ಕಾಗಿ ಪ್ರಸಾದದ ಗೌರವಕ್ಕೆ ಕುಂದು ತರುವುದು ಸರಿಯೇ? ಈ ಪ್ರಶ್ನೆಯನ್ನು ಹಗುರಾಗಿ ಕಾಣಬಾರದು. ವೈದ್ಯನ ಮಾತಿಗೂ ನಿಷ್ಠೆಗೂ ನಡುವೆ ಸಿಲುಕಿ, ಪಂಕ್ತಿಯಲ್ಲಿ ಕುಳಿತು ಕಣ್ಣುತಗ್ಗಿಸಿ ಮೂರನೆಯ ಹೋಳಿಗೆಯನ್ನು ನುಂಗುವ ಮಧುಮೇಹಿಗಳು ಪ್ರತಿ ಊರಿನಲ್ಲಿಯೂ ಉಂಟು.

ಇದಕ್ಕೆ ಸಮಾಧಾನವು ಪ್ರಸಾದಿಸ್ಥಲದಲ್ಲಿಯೇ ಇದೆ. ಭಕ್ತಸ್ಥಲಕ್ಕೆ ಶ್ರದ್ಧೆಯೂ ಮಾಹೇಶ್ವರಸ್ಥಲಕ್ಕೆ ನಿಷ್ಠೆಯೂ ಲಕ್ಷಣವಾಗಿರುವಂತೆ, ಪ್ರಸಾದಿಸ್ಥಲಕ್ಕೆ ಅವಧಾನವು ಲಕ್ಷಣ. ಅವಧಾನವೆಂದರೆ ಎಚ್ಚರ. ತಾನು ಕೊಳ್ಳುವುದೇನು, ಎಷ್ಟು, ಯಾತಕ್ಕಾಗಿ ಎಂಬ ಅರಿವು ತಪ್ಪದೆ ಇರುವವನೇ ಪ್ರಸಾದಿ. ನಾಲಗೆಯು ಕೇಳಿದುದನ್ನೆಲ್ಲ ಕೊಳ್ಳುವುದು ಭೋಗ. ಅದಕ್ಕೆ ಪ್ರಸಾದವೆಂಬ ಹೆಸರನ್ನಿಟ್ಟ ಮಾತ್ರದಿಂದ ಭೋಗವು ಪ್ರಸಾದವಾಗದು. ಪ್ರಸಾದವನ್ನು ಬಿಡಬಾರದೆಂಬ ನಿಯಮವು ಹೆಚ್ಚಾಗಿ ಉಣ್ಣಬೇಕೆಂಬ ಅಪ್ಪಣೆಯಲ್ಲ. ಹೆಚ್ಚಾಗಿ ಕೊಳ್ಳಬಾರದೆಂಬ ಎಚ್ಚರಿಕೆ. ಬಿಡಲು ಅಧಿಕಾರವಿಲ್ಲದವನು ಕೊಳ್ಳುವಾಗಲೇ ಅಳೆದು ಕೊಳ್ಳಬೇಕಲ್ಲವೇ? ಆದಕಾರಣ ಸಂಯಮದ ಸ್ಥಾನವು ಎಡೆಯ ಕೊನೆಯಲ್ಲಿಲ್ಲ, ಮೊದಲಿನಲ್ಲಿದೆ. ಚಿಟಿಕೆಯಷ್ಟು ಹುಗ್ಗಿಯನ್ನು ಭಕ್ತಿಯಿಂದ ಕೊಂಡವನಿಗೂ ಪ್ರಸಾದವು ಪೂರ್ಣವಾಗಿಯೇ ದೊರೆಯಿತು. ಪ್ರಸಾದಕ್ಕೆ ಅಂಶವುಂಟೇ ಹೊರತು ತೂಕವಿಲ್ಲ.

ಇನ್ನು ಬಡಿಸುವವರ ಧರ್ಮ. ಊಟದ ಅಳತೆಯು ಉಣ್ಣುವವನ ಬಾಯಲ್ಲಿ ಮಾತ್ರವಲ್ಲದೆ ಬಡಿಸುವವನ ಕೈಯಲ್ಲಿಯೂ ಇದೆ. ಒತ್ತಾಯವಿಲ್ಲದ ಊಟವು ಊಟವೇ ಅಲ್ಲವೆಂಬ ಭಾವನೆ ಈ ನಾಡಿನಲ್ಲಿ ಬಲವಾಗಿದೆ. ಪಂಚಮಿಗೆ ತವರಿಗೆ ಬಂದ ಮಗಳು ಸಾಕೆಂದರೆ ತಾಯಿಗೆ ವ್ಯಥೆ. ಅಳಿಯನು ಕೈ ಅಡ್ಡಹಿಡಿದರೆ ಅತ್ತೆಗೆ ಅವಮಾನ. ಬೀಗರು ಎರಡನೆಯ ಸಲ ಕೊಳ್ಳದಿದ್ದರೆ ಅಡಿಗೆ ಕೆಟ್ಟಿತೇನೋ ಎಂಬ ಅಳುಕು. ಈ ಪ್ರೀತಿಯು ದೊಡ್ಡದೇ. ಹಸಿವೆಯನ್ನು ಕಂಡ ಕಾಲದಲ್ಲಿ ಹುಟ್ಟಿದ ಪ್ರೀತಿ ಅದು. ಹೊಟ್ಟೆತುಂಬ ಇಕ್ಕುವುದೇ ಆಗ ಪರಮೋಪಕಾರವಾಗಿತ್ತು. ಆದರೆ ಹಸಿದವನಿಗೆ ಇಕ್ಕುವುದು ದಾಸೋಹ. ತಣಿದವನ ಮೇಲೆ ಹೇರುವುದು ದಾಸೋಹವಲ್ಲ. "ಸಾಕು" ಎಂಬುದು ಉಪಚಾರದ ಮಾತಲ್ಲ, ಅತಿಥಿಯ ದೇಹವು ಆಡಿದ ಮಾತು. ಅದನ್ನು ಮನ್ನಿಸುವುದೇ ಅತಿಥಿಸತ್ಕಾರ. "ಅಪ್ಪಾ, ನಿಮಗೆ ಸಕ್ಕರೆ ಕಾಯಿಲೆಯುಂಟಷ್ಟೆ, ಕೋಸಂಬರಿ ಇನ್ನೊಂದಿಷ್ಟು ಹಾಕಲೇ?" ಎಂದು ಕೇಳುವ ಸೊಸೆಯು, ಕೇಳದೆಯೇ ತುಪ್ಪ ಸುರಿಯುವವಳಿಗಿಂತ ಮಾವನನ್ನು ಹೆಚ್ಚು ಪ್ರೀತಿಸುವವಳೆಂದು ತಿಳಿಯಬೇಕು.

ಆಚರಣೆಯಲ್ಲಿ ತರಬಹುದಾದ ಕೆಲವು ಕ್ರಮಗಳಿವೆ. ಹಬ್ಬದ ದಿನ ಮುಂಜಾನೆಯಿಂದ ಏನನ್ನೂ ತಿನ್ನದೆ ಹಸಿವೆಯನ್ನು ಕೂಡಿಟ್ಟು ಮಧ್ಯಾಹ್ನ ಎಡೆಯ ಮೇಲೆ ಬೀಳುವುದು ಸರಿಯಲ್ಲ. ಹಸಿವೆಯ ಉಬ್ಬರದಲ್ಲಿ ಅವಧಾನವು ನಿಲ್ಲದು. ಬೆಳಗಿನಲ್ಲಿ ಸ್ವಲ್ಪವಾಗಿ ಉಂಡಿರಬೇಕು. ಎಡೆಯಲ್ಲಿ ಕೋಸಂಬರಿ, ಪಲ್ಯ, ಕಾಳುಗಳನ್ನು ಮೊದಲು ಉಂಡು, ಸಿಹಿಯನ್ನು ಆಮೇಲೆ ಕೊಳ್ಳಬೇಕು. ಹೋಳಿಗೆಯಿರುವ ದಿನ ಅನ್ನವನ್ನು ಇಳಿಸಬೇಕು. ಹೋಳಿಗೆಯೂ ಹುಗ್ಗಿಯೂ ಎರಡೂ ಆದಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ತುಪ್ಪವನ್ನು ಧಾರೆಯಾಗಿ ಎರೆಯದೆ ಚಮಚದಿಂದ ಹಾಕಬೇಕು. ೩೦ ಗ್ರಾಂ ತುಪ್ಪದಲ್ಲಿ ಸುಮಾರು ೨೭೦ ಕ್ಯಾಲೊರಿಗಳ ಶಕ್ತಿಯಿದೆ. ಅದನ್ನು ಕರಗಿಸಲು ಸಾಧಾರಣ ಮೈಕಟ್ಟಿನವನು ಒಂದು ಗಂಟೆಗಿಂತಲೂ ಹೆಚ್ಚು ನಡೆಯಬೇಕು. ಪಂಚಮಿಯ ಉಂಡೆಗಳನ್ನು ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿದರೆ ರುಚಿಗೆ ಕೊರತೆಯಾಗದು. ಉಂಡೊಡನೆ ಮಲಗದೆ ಮನೆಮಂದಿಯೆಲ್ಲ ಸ್ವಲ್ಪ ದೂರ ನಡೆದುಬರಬೇಕು. ರಾತ್ರಿ ಗಂಜಿ, ಮಜ್ಜಿಗೆಗಳಂತಹ ಹಗುರವಾದ ಆಹಾರ ಸಾಕು.

ವಾಸ್ತವವಾಗಿ ಕೆಡುಕು ಮಾಡುವುದು ಹಬ್ಬದ ಒಂದು ದಿನವಲ್ಲ, ಹಬ್ಬವನ್ನು ಹದಿನೈದು ದಿನಕ್ಕೆ ಎಳೆಯುವ ಡಬ್ಬಿಗಳು. ಹಾದುಹೋಗುವಾಗಲೆಲ್ಲ ಕೈಹಾಕಿ ತಿಂದುದು ಊಟದ ಲೆಕ್ಕಕ್ಕೆ ಬಾರದು, ಮೈಯ ಲೆಕ್ಕಕ್ಕೆ ಬರುವುದು. ಆದಕಾರಣ ಮಾಡುವಾಗಲೇ ಮಿತವಾಗಿ ಮಾಡಿ, ಮಿಕ್ಕುದನ್ನು ಅಂದೇ ನೆರೆಹೊರೆಗೂ ಇಲ್ಲದವರಿಗೂ ಹಂಚಬೇಕು. ಶರಣರು ಬೋಧಿಸಿದ ದಾಸೋಹವು ಹೀಗೆ ಕೊಟ್ಟವನ ಆರೋಗ್ಯವನ್ನೂ ಕಾಯುವುದು. ಹಬ್ಬವು ಕಳೆದ ಮರುದಿನವೇ ಜೋಳದ ರೊಟ್ಟಿ, ಕಾಳುಪಲ್ಯಗಳಿಗೆ ಮರಳಬೇಕು. ಸ್ಥೂಲರಿಗೆ ಹಿತವೆಂದು ಚರಕನು ಹೇಳಿದ ಧಾನ್ಯಗಳಲ್ಲಿ ನವಣೆ, ಹಾರಕ, ಹೆಸರು, ಹುರುಳಿಗಳು ಸೇರಿರುವುದನ್ನು ಈ ನಾಡಿನ ಒಕ್ಕಲುಮಕ್ಕಳು ಹೆಮ್ಮೆಯಿಂದ ನೆನೆಯಬಹುದು.

ಉಪವಾಸದ ವಿಷಯದಲ್ಲಿಯೂ ಎರಡು ಮಾತು ಅವಶ್ಯ. ಅನ್ನವನ್ನು ಬಿಟ್ಟು ಸಾಬೂದಾನಿ, ಶೇಂಗಾ, ಕರಿದ ಆಲೂಗಡ್ಡೆಗಳನ್ನು ಹೊಟ್ಟೆತುಂಬ ತಿನ್ನುವುದು ಹೆಸರಿಗೆ ಉಪವಾಸ, ಫಲಕ್ಕೆ ಔತಣ. ಇನ್ನು ಮಧುಮೇಹಕ್ಕೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸವಿರುವುದು ಅಪಾಯಕರ. ರಕ್ತದ ಸಕ್ಕರೆ ಹಠಾತ್ತಾಗಿ ಇಳಿದು ಪ್ರಜ್ಞೆ ತಪ್ಪಬಹುದು. ಗರ್ಭಿಣಿಯರು, ಬಾಣಂತಿಯರು, ಬೆಳೆಯುವ ಮಕ್ಕಳು ತೂಕದ ಚಿಂತೆಯಿಂದ ಊಟ ಬಿಡತಕ್ಕದ್ದಲ್ಲ. ಚರಕನು ಅತಿಕೃಶತೆಯನ್ನೂ ದೋಷವೆಂದೇ ಎಣಿಸಿದನೆಂಬುದನ್ನು ಮರೆಯಬಾರದು.

ಸ್ಥೂಲಕಾಯರನ್ನು ಪಂಕ್ತಿಯಲ್ಲಿ ಹಾಸ್ಯಮಾಡುವ ಕೆಟ್ಟ ರೂಢಿಯನ್ನೂ ಬಿಡಬೇಕು. ಸ್ಥೌಲ್ಯದ ಕಾರಣಗಳಲ್ಲಿ ಬೀಜಸ್ವಭಾವವನ್ನೂ, ಎಂದರೆ ಹುಟ್ಟಿನಿಂದ ಬಂದ ಪ್ರಕೃತಿಯನ್ನೂ ಚರಕನು ಹೇಳಿರುವನು. ಇಂದಿನ ವಿಜ್ಞಾನವೂ ಅದನ್ನೊಪ್ಪುತ್ತದೆ. ಒಂದೇ ಎಡೆಯನ್ನುಂಡ ಇಬ್ಬರಲ್ಲಿ ಒಬ್ಬನ ಮೈ ಬೆಳೆಯಬಹುದು, ಇನ್ನೊಬ್ಬನದು ಬೆಳೆಯದಿರಬಹುದು. ನಗೆಯ ಮಾತಿನಿಂದ ಯಾರ ಮೈಯೂ ಇಳಿದುದಿಲ್ಲ, ಮನಸ್ಸು ಮಾತ್ರ ನೊಂದಿದೆ. ನೊಂದ ಮನಸ್ಸು ಅಡಿಗೆಮನೆಯ ಮರೆಯಲ್ಲಿ ಇನ್ನಷ್ಟು ತಿಂದಿರುವುದೂ ಉಂಟು.

ಸಹಸ್ರಾರು ವಿದ್ಯಾರ್ಥಿಗಳಿಗೆ ನಿತ್ಯವೂ ದಾಸೋಹ ನಡೆಯಿಸಿದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ೨೦೧೯ರ ಜನವರಿ ೨೧ರಂದು ಲಿಂಗೈಕ್ಯರಾದಾಗ ಅವರಿಗೆ ೧೧೧ ವರುಷ ವಯಸ್ಸಾಗಿತ್ತು. ಮಿತಾಹಾರವೊಂದೇ ದೀರ್ಘಾಯುಸ್ಸಿಗೆ ಕಾರಣವೆಂದು ಹೇಳಲಾಗದು. ಆದರೆ ಅಷ್ಟು ಮಂದಿಗೆ ಉಣ್ಣಿಸಿದ ಆ ಮಹನೀಯರು ತಮಗಾಗಿ ಕೊಂಡುದು ಬಹು ಅಲ್ಪವೆಂಬುದು ನಾಡಿಗೆಲ್ಲ ತಿಳಿದ ವಿಷಯ. ಕೊಡುವಾಗ ಧಾರಾಳ, ಕೊಳ್ಳುವಾಗ ಮಿತ: ದಾಸೋಹಧರ್ಮದ ಎರಡು ಮುಖಗಳಿವು.

ಈ ಮಹೋತ್ಸವದ ಪಂಕ್ತಿಯಿಂದಲೇ ಈ ಕ್ರಮವು ಆರಂಭವಾಗಲಿ. ಮೊದಲ ಸಲ ಎಲ್ಲರಿಗೂ ಸ್ವಲ್ಪವಾಗಿಯೇ ಬಡಿಸಿ, ಬೇಕೆಂದವರಿಗೆ ಮತ್ತೆ ಮತ್ತೆ ಸಂತೋಷದಿಂದ ಬಡಿಸಲಿ; ಸಾಕೆಂದವರ ಎಡೆಯನ್ನು ದಾಟಿ ಗೌರವದಿಂದ ಮುಂದೆ ಹೋಗಲಿ. ಆಗ ಎಡೆಯಲ್ಲಿ ಅಗುಳೂ ಉಳಿಯದು, ಮೈಯಲ್ಲಿ ಹೊರೆಯೂ ಉಳಿಯದು.