ಬೆರಳಿಗೂ ನಾದಕ್ಕೂ ನಡುವೆ
(ಬಾನುಲಿ ಭಾಷಣ)

ನಾನೀಗ ಆಡುತ್ತಿರುವ ಮಾತು ನಿಮ್ಮ ಮನೆಯನ್ನು ಎರಡು ದಾರಿಗಳಿಂದ ಪ್ರವೇಶಿಸುತ್ತಿರಬಹುದು. ಅಡುಗೆಮನೆಯ ಕಪಾಟಿನ ಮೇಲಿರುವ ಹಳೆಯ ರೇಡಿಯೋ ಪೆಟ್ಟಿಗೆಗೆ ಅದು ಆಕಾಶಮಾರ್ಗವಾಗಿ ಬರುತ್ತದೆ. ಪಡಸಾಲೆಯಲ್ಲಿ ಕುಳಿತ ಮೊಮ್ಮಗನ ಮೊಬೈಲಿಗೆ ಇಂಟರ್‌ನೆಟ್ಟಿನ ಮೂಲಕ ಬರುತ್ತದೆ. ಎರಡನ್ನೂ ಒಟ್ಟಿಗೆ ಹಚ್ಚಿ ನೋಡಿ. ರೇಡಿಯೋದಲ್ಲಿ ನಾನು ಒಂದು ವಾಕ್ಯವನ್ನು ಮುಗಿಸಿ ಉಸಿರೆಳೆದುಕೊಳ್ಳುವ ಹೊತ್ತಿಗೆ ಮೊಬೈಲಿನಲ್ಲಿ ಆ ವಾಕ್ಯ ಇನ್ನೂ ಆರಂಭವೇ ಆಗಿರುವುದಿಲ್ಲ. ಭಾಷಣಕ್ಕೆ ಇದರಿಂದ ಬಾಧಕವೇನೂ ಇಲ್ಲ. ಕೆಲವರ ಭಾಷಣ ಎಷ್ಟು ತಡವಾಗಿ ಬಂದರೆ ಅಷ್ಟು ಒಳ್ಳೆಯದೆಂದು ಹೇಳುವವರೂ ಉಂಟು. ಆದರೆ ಸಂಗೀತದ ಮಾತು ಬೇರೆ, ಅದರಲ್ಲಿಯೂ ಲಯವಾದ್ಯದ ಮಾತು ತೀರ ಬೇರೆ.

ನನ್ನ ವೃತ್ತಿ ಮೊಬೈಲ್ ಫೋನುಗಳಿಗೆ ಆ್ಯಪ್‌ಗಳನ್ನು ಬರೆಯುವುದು. ಧ್ವನಿ, ಚಿತ್ರ, ಚಲನಚಿತ್ರ ಇವುಗಳನ್ನು ಅಂಗೈಯಗಲದ ಗಾಜಿನೊಳಗೆ ಕೂರಿಸುವ ಕೆಲಸ. ಈ ಕಸುಬಿನವರು ಆಗಾಗ ಒಂದೆಡೆ ಸೇರುತ್ತಾರೆ. ಹೊಸ ಸುದ್ದಿಗಳನ್ನು ಕೇಳುತ್ತಾರೆ, ತಮ್ಮ ತಮ್ಮ ಗೋಳುಗಳನ್ನು ತೋಡಿಕೊಳ್ಳುತ್ತಾರೆ. ಇಂಥ ಕೂಟಗಳಲ್ಲಿ ಏನು ನಡೆಯುತ್ತದೆಂದು ಸಾಹಿತ್ಯಾಸಕ್ತರಾದ ನಿಮಗೆ ತಿಳಿಸಬೇಕೆಂದು ನನ್ನನ್ನು ಕೇಳಿದ್ದಾರೆ. ಕೂಟಗಳ ವರದಿ ಒಪ್ಪಿಸಿದರೆ ನಿಮಗೆ ನಿದ್ದೆ ಬಂದೀತು. ಅದರ ಬದಲು ನನಗೆ ಆ ಕೂಟಗಳು ಏಕೆ ಬೇಕಾದುವು ಎಂಬುದನ್ನು ಹೇಳುತ್ತೇನೆ.

ನಮ್ಮ ತಂದೆಯವರು ಮೈಸೂರಿನಲ್ಲಿ ಮೃದಂಗ ಹೇಳಿಕೊಡುತ್ತಿದ್ದರು. ದೊಡ್ಡ ಹೆಸರಿನ ವಿದ್ವಾಂಸರಲ್ಲ. ಮದುವೆಮನೆಗಳಲ್ಲಿ, ರಾಮನವಮಿಯ ಚಪ್ಪರಗಳಲ್ಲಿ ಪಕ್ಕವಾದ್ಯ ನುಡಿಸುತ್ತ, ಸಂಜೆಯ ಹೊತ್ತು ಮಕ್ಕಳಿಗೆ 'ತ ದಿ ತೊಂ ನಂ' ಹೇಳಿಕೊಡುತ್ತ ಜೀವಿಸಿದವರು. 2011ರ ಕೊನೆಯಲ್ಲಿ ಅವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಎಡಗೈ ಆಡುತ್ತಿತ್ತು, ಆದರೆ ಮೃದಂಗವನ್ನು ತೊಡೆಯ ಮೇಲಿಟ್ಟುಕೊಂಡು ಕೂರುವ ಕಸುವು ಇರಲಿಲ್ಲ. ವಾದ್ಯಕ್ಕೆ ಗವುಸು ಹಾಕಿ ಮೂಲೆಯಲ್ಲಿ ನಿಲ್ಲಿಸಿದರು. ಹಾಸಿಗೆಯಲ್ಲಿ ಮಲಗಿ ಹೊದಿಕೆಯ ಮೇಲೆ ಎಡಗೈಯ ಬೆರಳುಗಳನ್ನು ಆಡಿಸುತ್ತಿದ್ದುದನ್ನು ನಾನು ನೋಡಿದ್ದೇನೆ. ಹೊದಿಕೆ ಸದ್ದು ಮಾಡುವುದಿಲ್ಲವಲ್ಲ.

ಆಗ ನನಗೊಂದು ಉಪಾಯ ಹೊಳೆಯಿತು. ಅವರು ಆರೋಗ್ಯವಾಗಿದ್ದಾಗ ಶಿಷ್ಯರಿಗಾಗಿ ಧ್ವನಿಮುದ್ರಿಸಿದ್ದ ಕ್ಯಾಸೆಟ್ ಒಂದು ಮನೆಯಲ್ಲಿತ್ತು; ಅದರಲ್ಲಿ ಒಂದೊಂದು ಸೊಲ್ಲನ್ನೂ ಬಿಡಿಬಿಡಿಯಾಗಿ ನುಡಿಸಿ ತೋರಿಸಿದ್ದರು. ಆ ಸೊಲ್ಲುಗಳನ್ನು ಕತ್ತರಿಸಿ ಫೋನಿನೊಳಗೆ ತುಂಬಿದೆ. ಗಾಜಿನ ಮೇಲೆ ಎರಡು ವೃತ್ತಗಳನ್ನು ಬರೆದೆ, ಒಂದು ಬಲಂತಲೆ, ಒಂದು ಎಡಂತಲೆ. ಅಂಚನ್ನು ಮುಟ್ಟಿದರೆ ಒಂದು ನಾದ, ಕರಣೆಯನ್ನು ಮುಟ್ಟಿದರೆ ಮತ್ತೊಂದು. ಒಂದೇ ಕೈಯ ಬೆರಳುಗಳಲ್ಲಿ ಎರಡು ಕೈಯ ಕೆಲಸ. 2012ರ ಬೇಸಗೆಯಲ್ಲಿ ಅದನ್ನು ಒಯ್ದು ಅವರ ಎಡಗೈಗೆ ಕೊಟ್ಟೆ.

ಅವರು ನಾಲ್ಕು ಸೊಲ್ಲು ನುಡಿಸಿದರು. ಮತ್ತೆ ನಾಲ್ಕು. ಆಮೇಲೆ ಫೋನನ್ನು ದಿಂಬಿನ ಪಕ್ಕಕ್ಕಿಟ್ಟು, ತೊದಲುವ ನಾಲಗೆಯಲ್ಲಿ, "ಇದು ಯಾರೋ ಶಿಷ್ಯ ಹಿಂದೆ ಕೂತು ನುಡಿಸಿದ ಹಾಗಿದೆ. ನಾನಲ್ಲ" ಎಂದರು.

ಅವರ ಮಾತಿನ ಅರ್ಥ ನನಗೆ ಕೂಡಲೆ ಆಯಿತು. ಮೈಕನ್ನು ಫೋನಿನ ಬಳಿ ಹಿಡಿದು, ಉಗುರು ಗಾಜನ್ನು ತಾಗಿದ ಸದ್ದನ್ನೂ ಫೋನು ನುಡಿದ ಸದ್ದನ್ನೂ ಒಟ್ಟಿಗೆ ಮುದ್ರಿಸಿ, ನಡುವಿನ ಅಂತರವನ್ನು ಅಳೆದೆ. ಸೆಕೆಂಡಿನ ಐದನೆಯ ಒಂದು ಭಾಗಕ್ಕೆ ಹತ್ತಿರವಿತ್ತು. ಇಷ್ಟೇ ತಾನೆ ಎನ್ನುತ್ತೀರಿ. ಲೆಕ್ಕ ನೋಡಿ. ನಿಮಿಷಕ್ಕೆ 80 ಅಕ್ಷರಗಳಂತೆ ಆದಿತಾಳ ನಡೆಯುತ್ತಿದೆ ಎನ್ನೋಣ. ಒಂದು ಅಕ್ಷರಕ್ಕೆ ಮುಕ್ಕಾಲು ಸೆಕೆಂಡು. ಆ ಅಕ್ಷರದೊಳಗೆ ಎಂಟು ಸೊಲ್ಲು ನುಡಿಸಿದರೆ ಒಂದೊಂದು ಸೊಲ್ಲಿಗೆ ಸುಮಾರು 94 ಮಿಲಿಸೆಕೆಂಡು. ಎಂದರೆ, ನಮ್ಮ ತಂದೆ ಮೂರನೆಯ ಸೊಲ್ಲಿಗೆ ಬೆರಳಿಡುವಾಗ ಫೋನು ಮೊದಲನೆಯದನ್ನು ಉಸುರುತ್ತಿತ್ತು. ಇನ್ನೊಂದು ಬಗೆಯಲ್ಲಿ ಹೇಳುವುದಾದರೆ, ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಸೆಕೆಂಡಿನ ಐದನೆಯ ಒಂದು ಭಾಗದಲ್ಲಿ 68 ಮೀಟರ್. ಮೃದಂಗವನ್ನು ಬೀದಿಯ ಆ ಕೊನೆಯಲ್ಲಿಟ್ಟು ಮನೆಯೊಳಗಿನಿಂದ ನುಡಿಸಿದಂತೆ!

ಶ್ರುತಿಪೆಟ್ಟಿಗೆಗೆ ಈ ಕಷ್ಟವಿಲ್ಲ. ಬೆಂಗಳೂರಿನವರೇ ಆದ ಕೊಳಲುವಾದಕ, ಎಂಜಿನಿಯರ್ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಯಲ್ಲಿ ವಿದ್ಯುನ್ಮಾನ ಶ್ರುತಿವಾದ್ಯವನ್ನು ಬಳಕೆಗೆ ತಂದಾಗ ಸಂಪ್ರದಾಯಸ್ಥರು ಮೂಗು ಮುರಿದರೂ, ಈಗ ಅಂಥದಿಲ್ಲದ ಸಂಗೀತದ ಮನೆ ಅಪರೂಪ. ಶ್ರುತಿ ಒಮ್ಮೆ ಹೊರಟರೆ ಹೊರಟಿತು; ಅರ್ಧ ಸೆಕೆಂಡು ತಡವಾಗಿ ಹೊರಟರೂ ಕೇಳುವವರಿಲ್ಲ. ಬೆರಳಿಗೆ ಉತ್ತರ ಕೊಡಬೇಕಾದ ವಾದ್ಯಕ್ಕೆ ಮಾತ್ರ ಈ ಶಿಕ್ಷೆ.

ತಡವಾಗುವುದೇಕೆ? ಫೋನಿನೊಳಗೆ ನಾದ ಹರಿಯುವ ನೀರಲ್ಲ, ಕೊಡಗಳಲ್ಲಿ ಹೊತ್ತು ತರುವ ನೀರು. ಸೆಕೆಂಡಿಗೆ 48,000 ಸಂಖ್ಯೆಗಳು ಸ್ಪೀಕರಿನ ಬಾಯಿಗೆ ಬೀಳಬೇಕು. ಅವನ್ನು ಒಂದೊಂದಾಗಿ ಹೊತ್ತರೆ ಯಂತ್ರಕ್ಕೆ ಬೇರೆ ಕೆಲಸವೇ ಆಗದು. ಆದ್ದರಿಂದ ಸಾವಿರ ಎರಡು ಸಾವಿರ ಸಂಖ್ಯೆಗಳನ್ನು ಒಂದು ಕೊಡದಲ್ಲಿ ತುಂಬಿ ಕಳುಹಿಸುತ್ತಾರೆ. ಕೊಡ ದೊಡ್ಡದಾದಷ್ಟೂ ಹೊರುವವನಿಗೆ ನೆಮ್ಮದಿ, ಬ್ಯಾಟರಿಗೆ ಉಳಿತಾಯ. ಆದರೆ ತುಂಬಿದ ಕೊಡಗಳು ಸಾಲಿನಲ್ಲಿ ನಿಂತಿರುವಾಗ ಹೊಸ ಸೊಲ್ಲು ಕೊನೆಯ ಕೊಡದಲ್ಲಿಯೇ ಬರಬೇಕು. ಕೊಡವನ್ನು ಚಿಕ್ಕದು ಮಾಡಿದರೆ ಹೊರುವವನು ಒಮ್ಮೆ ಎಡವಿದರೂ ಸಾಕು, ನಲ್ಲಿ ಒಣಗಿ ಕರಕರ ಶಬ್ದ ಕೇಳಿಸುತ್ತದೆ. ಇನ್ನು ಫೋನಿನ ಕರೆಗಂಟೆ, ಆಟದ ಸದ್ದು, ಹಾಡು ಎಲ್ಲವನ್ನೂ ಬೆರೆಸುವ ಒಬ್ಬ ನಡುವೆ ಕುಳಿತಿರುತ್ತಾನೆ. ಅವನ ಕೈಯಲ್ಲಿ ಮತ್ತಷ್ಟು ತಡ.

ಆಂಡ್ರಾಯ್ಡ್ ಫೋನುಗಳಲ್ಲಿ ಈ ದೋಷವಿರುವುದು ಗುಟ್ಟೇನಾಗಿರಲಿಲ್ಲ. ಗೂಗಲ್ ಸಂಸ್ಥೆ ಇಟ್ಟಿದ್ದ ಬಹಿರಂಗ ದೂರಿನ ಕಡತದಲ್ಲಿ 3434ನೆಯ ದೂರು ಇದೇ ವಿಷಯದ್ದು, 2009ರಲ್ಲಿ ದಾಖಲಾದದ್ದು. ಜಗತ್ತಿನ ನಾನಾ ಮೂಲೆಗಳ ಸಂಗೀತಗಾರ ಪ್ರೋಗ್ರಾಮರುಗಳು ವರ್ಷಗಟ್ಟಲೆ ಅದರ ಕೆಳಗೆ ತಮ್ಮ ಹೆಸರು ಸೇರಿಸುತ್ತ ಹೋದರು. ಆ ಸಂಖ್ಯೆ ನಮ್ಮವರ ನಡುವೆ ಒಂದು ಗಾದೆಯೇ ಆಗಿತ್ತು. ಅತ್ತ ಆ್ಯಪಲ್ ಸಂಸ್ಥೆಯ ಐಪ್ಯಾಡಿನಲ್ಲಿ 2011ರಿಂದಲೇ ಜನ ಗ್ಯಾರೇಜ್‌ಬ್ಯಾಂಡ್ ಎಂಬ ಆ್ಯಪಿನಲ್ಲಿ ಗಾಜಿನ ಮೇಲೆ ಡೋಲು ಬಾರಿಸುತ್ತಿದ್ದರು. ಅದನ್ನೇಕೆ ಕೊಳ್ಳಲಿಲ್ಲವೆಂದು ನೀವು ಕೇಳಬಹುದು. ಅಪ್ಪನ ಶಿಷ್ಯರಾರ ಬಳಿಯೂ ಅಂಥದಿರಲಿಲ್ಲ, ನನಗೂ ಅಂದಿಗೆ ಅದು ಭಾರವಾಗಿತ್ತು.

ಈಗ ಕೂಟಗಳ ಮಾತಿಗೆ ಬರುತ್ತೇನೆ. ಬರ್ಲಿನ್ನಿನಲ್ಲಿ 2009ರಲ್ಲಿ ಮೊದಲಾದ ಡ್ರಾಯ್ಡ್‌ಕಾನ್ ಎಂಬ ಸಮಾವೇಶ 2011ರ ನವೆಂಬರಿನಲ್ಲಿ ಬೆಂಗಳೂರಿಗೂ ಬಂದಿತು. ಹ್ಯಾಸ್‌ಗೀಕ್ ಎಂಬ ಸಂಸ್ಥೆ ಅದನ್ನು ನಡೆಸಿತು. ಇಂಥ ದೊಡ್ಡ ಸಮಾವೇಶಗಳ ಬಗ್ಗೆ ನನಗೆ ಮಿಶ್ರ ಅಭಿಪ್ರಾಯವಿದೆ. ವೇದಿಕೆಯ ಮೇಲಿನ ಸುದ್ದಿಯಲ್ಲಿ ಮುಕ್ಕಾಲು ಪಾಲು ಜಾಹೀರಾತು. ಕೊರಳಿಗೆ ಹೆಸರಿನ ಚೀಟಿ, ಕೈಗೆ ಅಂಗಿ, ಚೀಲ. ಆದರೆ ರಾಮನವಮಿಯ ಕಚೇರಿಗಳಲ್ಲಿ ನಿಜವಾದ ವಿಮರ್ಶೆ ನಡೆಯುವುದು ಚಪ್ಪರದ ಹೊರಗೆ, ಕಾಫಿಯ ಲೋಟ ಹಿಡಿದು ನಿಂತವರ ನಡುವೆ. ಇಲ್ಲಿಯೂ ಹಾಗೆಯೇ.

2012ರ ಜೂನಿನಲ್ಲಿ ಆಂಡ್ರಾಯ್ಡಿನ 4.1ನೆಯ ಆವೃತ್ತಿ ಪ್ರಕಟವಾಯಿತು. ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಅದರಲ್ಲಿ ಬೆಂಬಲ ದೊರೆಯಿತು. ಅದಕ್ಕೂ ಮೊದಲು ಎಷ್ಟೋ ಫೋನುಗಳಲ್ಲಿ ನಮ್ಮ ಅಕ್ಷರಗಳು ಖಾಲಿ ಚೌಕಗಳಾಗಿಯೋ ಒಡೆದ ಒತ್ತಕ್ಷರಗಳಾಗಿಯೋ ಕಾಣುತ್ತಿದ್ದುವು. ಕನ್ನಡಿಗರಾದ ನಾವೆಲ್ಲ ಆ ಸಡಗರದಲ್ಲಿದ್ದಾಗ, ಅದೇ ಆವೃತ್ತಿಯೊಳಗೆ ಧ್ವನಿಗೂ ಒಂದು ವೇಗದ ಅಡ್ಡದಾರಿಯನ್ನು ತೆರೆದಿದ್ದರು. ನಾನದನ್ನು ಗಮನಿಸಲೇ ಇಲ್ಲ. ಗಮನಿಸಿದ್ದರೂ ನನಗದು ತೆರೆಯುತ್ತಿರಲಿಲ್ಲವೆಂಬುದು ಆಮೇಲೆ ತಿಳಿಯಿತು.

ಮರುವರ್ಷ ಮೇ ತಿಂಗಳಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ನಡೆದ ಗೂಗಲ್ಲಿನ ವಾರ್ಷಿಕ ಸಮಾವೇಶದಲ್ಲಿ, ಧ್ವನಿ ವಿಭಾಗದ ಎಂಜಿನಿಯರುಗಳು ಈ ವಿಳಂಬದ ವಿಷಯವಾಗಿಯೇ ಒಂದು ಉಪನ್ಯಾಸ ಮಾಡಿದರು. ಅದರ ಮುದ್ರಿಕೆಯನ್ನು ಬೆಂಗಳೂರಿನ ಒಂದು ಕಚೇರಿಯ ಊಟದ ಮನೆಯಲ್ಲಿ, ಸಂಜೆ ಕೆಲಸ ಬಿಟ್ಟ ಮೇಲೆ, ಇಪ್ಪತ್ತು ಮಂದಿ ಕುಳಿತು ನೋಡಿದೆವು. ಹೊರಗೆ ಮಳೆ. ಸಮೋಸಾ ತಣ್ಣಗಾಗಿತ್ತು. ಉಪನ್ಯಾಸ ಮುಗಿದ ಮೇಲೆ ಒಬ್ಬೊಬ್ಬರೂ ತಮ್ಮ ತೊಡಕನ್ನು ಹೇಳಬೇಕೆಂದರು. ನಾನು ತಂದೆಯ ವಿಷಯವನ್ನು ಎತ್ತದೆ, ಮೃದಂಗದ ಆ್ಯಪ್ ತಡವಾಗಿ ನುಡಿಯುತ್ತದೆ ಎಂದಷ್ಟೇ ಹೇಳಿದೆ. ಮಕ್ಕಳ ಪದ್ಯಗಳ ಆ್ಯಪ್ ಮಾಡುತ್ತಿದ್ದ ಒಬ್ಬ ಹುಡುಗಿ, "ನಿಮ್ಮ ಧ್ವನಿಯ ದರ ಎಷ್ಟು?" ಎಂದು ಕೇಳಿದಳು. 44,100 ಎಂದೆ; ಸಂಗೀತದ ಸಿ.ಡಿ.ಗಳ ದರ ಅದೇ. "ಫೋನಿನದು?" ನನಗೆ ಗೊತ್ತಿರಲಿಲ್ಲ. ಅಲ್ಲಿಯೇ ವಿಚಾರಿಸಿ ನೋಡಿದರೆ 48,000. "ಹಾಗಾದರೆ ನಿಮ್ಮ ಒಂದೊಂದು ಸೊಲ್ಲನ್ನೂ ಅದು ದರ ಬದಲಾಯಿಸುವ ಬಾಗಿಲಿಗೆ ಕಳುಹಿಸುತ್ತದೆ. ಅಡ್ಡದಾರಿ ನಿಮಗೆ ಮುಚ್ಚಿದೆ" ಎಂದಳು.

ಉಪನ್ಯಾಸದಲ್ಲಿಯೂ ಇದನ್ನೇ ಹೇಳಿದ್ದರು; ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ತಪ್ಪು ಫೋನಿನದು ಎಂದು ವರ್ಷವಿಡೀ ಬೈಯುತ್ತಿದ್ದ ನನಗೆ, ಅದರಲ್ಲಿ ಅರ್ಧ ನನ್ನದೇ ಎಂದು ತಿಳಿದದ್ದು ಆ ಸಂಜೆ. ಕೊನೆಯ ಬಸ್ಸಿನಲ್ಲಿ ಮೈಸೂರಿಗೆ ಹೋದೆ. ಬೆಳಗಾಗುವುದರೊಳಗೆ ಸೊಲ್ಲುಗಳನ್ನೆಲ್ಲ 48,000ಕ್ಕೆ ಬದಲಿಸಿ, ಫೋನು ತಾನಾಗಿ ಹೇಳುವ ಅಳತೆಯ ಕೊಡವನ್ನೇ ಬಳಸಿ ಬರೆದೆ. ವಿಳಂಬ ಅರ್ಧಕ್ಕೂ ಕಡಮೆಯಾಯಿತು.

ತಂದೆಯವರು ಅಂದು ಬಹಳ ಹೊತ್ತು ನುಡಿಸಿದರು. ನಿಧಾನದ ಕಾಲದಲ್ಲಿ, ಒಂದೇ ಕೈಯಲ್ಲಿ. ದುರಿತಕ್ಕೆ ಹೋದಾಗ ನಿಂತರು. "ಶಿಷ್ಯ ಹತ್ತಿರಕ್ಕೆ ಬಂದ. ಈಗ ಮೊದಲನೆಯ ಸಾಲಿನಲ್ಲಿ ಕೂತಿದ್ದಾನೆ" ಎಂದರು. ವೇದಿಕೆಯ ಮೇಲೆ ಇನ್ನೂ ಬಂದಿಲ್ಲವೆಂದು ಅದರ ಭಾವ. ಆದರೂ ಮುಂದಿನ ಮೂರು ವರ್ಷ ಪ್ರತಿ ಸಂಜೆ ಅದರಲ್ಲಿ ವಿಳಂಬಕಾಲದ ಪಾಠಗಳನ್ನು ಹೇಳಿಕೊಟ್ಟರು. 2016ರಲ್ಲಿ ತೀರಿಕೊಂಡರು.

ಆಮೇಲಿನ ಸುದ್ದಿಗಳನ್ನು ಬೇಗ ಹೇಳಿಬಿಡುತ್ತೇನೆ. 2017ರಲ್ಲಿ ಆಂಡ್ರಾಯ್ಡಿನ 8ನೆಯ ಆವೃತ್ತಿಯೊಡನೆ ಎಎಆಡಿಯೋ ಎಂಬ ಹೊಸ ಧ್ವನಿಮಾರ್ಗ ಬಂದಿತು. 2018ರಲ್ಲಿ, ಹಳೆಯ ಫೋನು ಹೊಸ ಫೋನು ಎರಡರಲ್ಲಿಯೂ ನಡೆಯುವಂತೆ, ಓಬೋ ಎಂಬ ತಂತ್ರಾಂಶ ಭಂಡಾರವನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಓಬೋ ಪಾಶ್ಚಾತ್ಯ ವಾದ್ಯಮೇಳದ ಒಂದು ಸುಷಿರವಾದ್ಯ. ಇಡೀ ಮೇಳ ಅದರ ಶ್ರುತಿಗೆ ತಮ್ಮ ವಾದ್ಯಗಳನ್ನು ಸೇರಿಸಿಕೊಳ್ಳುತ್ತದೆ. ಹೆಸರಿಟ್ಟವನಿಗೆ ಕಿವಿಯಿದೆ. ಜನಪ್ರಿಯ ಫೋನುಗಳಲ್ಲಿ, ಮೈಕಿನಿಂದ ಒಳಹೊಕ್ಕು ಮತ್ತೆ ಹೊರಬರುವ ನಾದದ ಸರಾಸರಿ ವಿಳಂಬ 2017ರಲ್ಲಿ 109 ಮಿಲಿಸೆಕೆಂಡು ಇದ್ದುದು 39ಕ್ಕೆ ಇಳಿದಿದೆಯೆಂದು 2021ರಲ್ಲಿ ಗೂಗಲ್ ಪ್ರಕಟಿಸಿತು. ಒಂದು ದೂರು ದಾಖಲಾಗಿ ಹನ್ನೆರಡು ವರ್ಷಗಳ ಮೇಲೆ ಎಂಬುದನ್ನು ನೆನೆಯಬೇಕು.

ಈ ನಡುವೆ 2020 ಬಂದಿತು. ಗೂಗಲ್ಲಿನ ಆ ವರ್ಷದ ಸಮಾವೇಶವೇ ರದ್ದಾಯಿತು. ನಮ್ಮ ಊಟದ ಮನೆಯ ಕೂಟವೂ ಪರದೆಯ ಮೇಲಿನ ಚೌಕಗಳಾಗಿ ಚದುರಿತು. ಉಪನ್ಯಾಸಗಳು ಮೊದಲಿಗಿಂತ ಹೆಚ್ಚಾದುವು, "ನಿಮ್ಮ ಧ್ವನಿಯ ದರ ಎಷ್ಟು?" ಎಂದು ಕೇಳುವವರು ಕಡಮೆಯಾದರು. ಸಂಗೀತದ ಗುರುಗಳು ಫೋನಿನಲ್ಲಿ ಪಾಠ ಹೇಳಹೊರಟು, ಗುರುವಿನ ತಾಳಕ್ಕೂ ಶಿಷ್ಯನ ಹಾಡಿಗೂ ಹೊಂದದೆ ಪಟ್ಟ ಪಾಡನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಅದು ದೂರದ ತಂತಿಗಳು ತರುವ ವಿಳಂಬ; ಫೋನಿನ ಕೊಡಗಳನ್ನು ಚಿಕ್ಕದು ಮಾಡಿದರೆ ಹೋಗುವಂಥದಲ್ಲ.

ನಾನು ತಂದೆಯ ಆ್ಯಪನ್ನು ಬಹುಕಾಲ ಮುಟ್ಟಲಿಲ್ಲ. ಕಳೆದ ದಸರೆಯ ರಜೆಯಲ್ಲಿ ಅದನ್ನು ಓಬೋ ಬಳಸಿ ಮತ್ತೆ ಬರೆದೆ. ಸೊಲ್ಲುಗಳು ಅವೇ, ಕ್ಯಾಸೆಟ್ಟಿನವು. ಮೃದಂಗ ಕಲಿಯುತ್ತಿರುವ ನನ್ನ ತಮ್ಮನ ಮಗಳ ಸಾಧಾರಣ ಬೆಲೆಯ ಫೋನಿಗೆ ಹಾಕಿಕೊಟ್ಟೆ. ಅವಳು ಎರಡೂ ಕೈಯ ಬೆರಳುಗಳಿಂದ ದುರಿತಕಾಲದಲ್ಲಿ ನುಡಿಸಿದಳು. ಬೆರಳು ಬಿದ್ದಲ್ಲೇ ನಾದವಿತ್ತು. ನಾನು ಅವಳ ಮುಖವನ್ನೇ ನೋಡುತ್ತ ಕುಳಿತಿದ್ದೆ. ತಡವಾಗುತ್ತದೆಯೇ ಎಂದು ಕೇಳಿದೆ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ತಂಬೂರಿ ಹಚ್ಚಿಕೊಂಡು ಮತ್ತೊಮ್ಮೆ ನುಡಿಸಿ, ತಲೆಯನ್ನು ಒಂದು ಕಡೆಗೆ ವಾಲಿಸಿ ಕೇಳಿ, "ದೊಡ್ಡಪ್ಪ, ತಾತನ ಮೃದಂಗದ ಶ್ರುತಿ ಒಂದು ಚೂರು ಇಳಿದಿದೆ" ಎಂದಳು. ನಿಜ. ಆ ಹಳೆಯ ಕ್ಯಾಸೆಟ್ ಸ್ವಲ್ಪ ನಿಧಾನವಾಗಿ ಓಡುತ್ತಿತ್ತು. ಇಷ್ಟು ವರ್ಷ ನಾನಾಗಲಿ, ಅಪ್ಪನಾಗಲಿ ಆ ಮಾತೆತ್ತಿರಲಿಲ್ಲ. ಅಪ್ಪನಿಗೆ ಅದು ಕೇಳಿಸದೆ ಇದ್ದಿರಲಾರದು.